ನಿರಾಕರಿಸಿದ ಆರಡಿ ನೆಲ

2008ರ ನವೆಂಬರ್ 26ರಂದು ಮುಂಬೈಯಲ್ಲಿ ಆರಂಭವಾದ ದಾಳಿ 166 ಮಂದಿಯನ್ನು ಬಲಿ ತೆಗೆದುಕೊಂಡ ಬಳಿಕ, ಹತರಾದ ಒಂಬತ್ತು ದಾಳಿಕೋರರ ಶವಗಳು ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲಿದ್ದಾಗ, ಮರೀನ್ ಲೈನ್ಸ್‌ನ ಬಡಾ ಕಬರಸ್ತಾನವನ್ನು, ಎಂದರೆ ಮುಸ್ಲಿಮರ ದೊಡ್ಡ ಸಮಾಧಿಭೂಮಿಯನ್ನು, ನೋಡಿಕೊಳ್ಳುವ ಜಾಮಾ ಮಸೀದಿ ಟ್ರಸ್ಟ್ ಅವುಗಳಿಗೆ ನೆಲ ಕೊಡಲು ನಿರಾಕರಿಸಿತು. ಮೃತದೇಹವನ್ನು ತೊಳೆದು, ಕಫನ್ ಎಂಬ ಬಿಳಿಯ ಬಟ್ಟೆ ಸುತ್ತಿ, ಜನಾಜಾ ಎಂಬ ಅಂತಿಮ ಪ್ರಾರ್ಥನೆ ಸಲ್ಲಿಸಿ, ಆದಷ್ಟು ಬೇಗ ಮಣ್ಣು ಮಾಡುವುದು ಇಡೀ ಸಮುದಾಯದ ಹೊಣೆಯೆಂದು ಬಗೆಯುವ ಧರ್ಮದಲ್ಲಿ ಈ ನಿರಾಕರಣೆ ಸಣ್ಣ ಮಾತಲ್ಲ. ನಿರಪರಾಧಿಗಳನ್ನು ಕೊಂದವರು ಮುಸ್ಲಿಮರೇ ಅಲ್ಲ ಎಂಬುದು ಟ್ರಸ್ಟಿನ ನಿಲುವಾಗಿತ್ತು. ಅಂದು ದಾಳಿಗೆ ತುತ್ತಾದ ರೈಲು ನಿಲ್ದಾಣದಲ್ಲಿ ಗುಂಡಿಗೆ ಬಲಿಯಾದವರಲ್ಲಿ ಮುಸ್ಲಿಮರೂ ಇದ್ದರೆಂಬುದನ್ನು, ಇಡೀ ಸಮುದಾಯವನ್ನೇ ಶಂಕಿಸುವವರು ಇಂದಿಗೂ ಮರೆಯುತ್ತಾರೆ. ದಾಳಿಕೋರರ ಶವಗಳು 2010ರ ಜನವರಿಯವರೆಗೂ ಶವಾಗಾರದಲ್ಲೇ ಉಳಿದವು.