ಜಾವಾಸ್ಕ್ರಿಪ್ಟ್ ಲೈಬ್ರರಿಯ ನಾಲ್ಕು ತೊಡಕುಗಳು
(ರವಿವಾರ ಸಂಜೆ ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾವು ಪಂಡಿತರಲ್ಲ. ಹಗಲು ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವರು, ಓದಿದ್ದು ಮ್ಯಾಟ್ರಿಕ್. ರಾತ್ರಿ ಇಲ್ಲಿಯ ಕಂಪ್ಯೂಟರಿನ ಮುಂದೆ ಹುಡುಗರೊಡನೆ ಕುಳಿತು ಕಲಿತದ್ದನ್ನಷ್ಟೇ ಹೇಳಲು ನಿಂತಿದ್ದೇವೆ.

ಕಳೆದ ತಿಂಗಳು ನಮ್ಮಲ್ಲಿಯ ಒಬ್ಬ ತರುಣ, ಗೋದಾಮಿನಲ್ಲಿ ಮೂಟೆ ಎಣಿಸುವವನು, ವೆಬ್ ಕೆಲಸಕ್ಕೆ ಅರ್ಜಿ ಹಾಕಲೆಂದು ಒಂದು ಮಾದರಿ ಪುಟ ಸಿದ್ಧಪಡಿಸಿದ. ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಮೂರು ರಾತ್ರಿ ಹೆಣಗಿ, "ಇದು ಇಂಗ್ಲಿಷ್ ಶಾಲೆಯವರ ವಿದ್ಯೆ, ಅಣ್ಣಾ" ಎಂದು ಎದ್ದು ಹೋದ. ತಪ್ಪು ಅವನ ಬುದ್ಧಿಯದಾಗಿರಲಿಲ್ಲ. ಒಂದು ಸಾಲು ಇರಬೇಕಾದ ಜಾಗದ್ದಾಗಿತ್ತು.

ಜಾವಾಸ್ಕ್ರಿಪ್ಟ್ ಭಾಷೆಯನ್ನು ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ರಚಿಸಿದರು. ಮೇಲಿಂದ ಮೇಲೆ ಬೇಕಾಗುವ ಕೆಲಸಗಳನ್ನು ಮೊದಲೇ ಬರೆದಿಟ್ಟ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ. ೨೦೦೬ರಲ್ಲಿ ಜಾನ್ ರೆಸಿಗ್ ಹೊರತಂದ ಜೇಕ್ವೆರಿ ಅಂಥದೊಂದು. ಹಳೆಯ ಪುಟಗಳನ್ನು ದುರಸ್ತಿ ಮಾಡುವವರಿಗೆ ಇಂದಿಗೂ ಅದರ ನಂಟು ತಪ್ಪಿಲ್ಲ.

ಮೊದಲನೆಯ ತೊಡಕು ಕ್ರಮದ್ದು. ಬ್ರೌಸರ್ ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ನಮ್ಮ ಕೋಡ್ ಮೊದಲು, ಲೈಬ್ರರಿ ಆಮೇಲೆ ಬಂದರೆ, "ಜೇಕ್ವೆರಿ ಎಂದರೆ ಯಾರು?" ಎಂಬರ್ಥದ ಕೆಂಪು ಸಾಲು ಕನ್ಸೋಲಿನಲ್ಲಿ ಕಾಣುತ್ತದೆ. ಎಫ್ ೧೨ ಕೀಲಿ ಒತ್ತಿ ಅದನ್ನು ನೋಡಬಹುದು. ಲೈಬ್ರರಿಯ ಸಾಲನ್ನು ಮೇಲೆ ಹಾಕಿರಿ. ಮೇಲೆಯೇ ಇದ್ದರೆ ಕಡತದ ದಾರಿ ಸರಿಯಿದೆಯೇ ನೋಡಿರಿ. ನೆಟ್‌ವರ್ಕ್ ಪಟ್ಟಿಯಲ್ಲಿ ೪೦೪ ಎಂದಿದ್ದರೆ ಕಡತ ಸಿಕ್ಕಿಲ್ಲವೆಂದು ಅರ್ಥ.

ಎರಡನೆಯದು ಮೋಸದ್ದು. ಗುಂಡಿ ಪುಟದೊಳಗೆ ಬರುವ ಮೊದಲೇ ನಮ್ಮ ಕೋಡ್ ಓಡಿದರೆ, ಜೇಕ್ವೆರಿ ಗುಂಡಿಯನ್ನು ಹುಡುಕಿ, ಬರಿಗೈಯಲ್ಲಿ ಮರಳಿ ಸುಮ್ಮನಾಗುತ್ತದೆ. ಕೆಂಪು ಸಾಲೂ ಇಲ್ಲ. ಪಾಳಿಯವರು ಬರುವ ಮೊದಲೇ ಹಾಜರಿ ಕೂಗಿದಂತೆ! ನಮ್ಮ ತರುಣನ ತೊಡಕು ಇದೇ. ಹುಡುಕಿದ್ದು ಎಷ್ಟು ಸಿಕ್ಕಿತೆಂದು 'ಲೆಂಗ್ತ್' ಕೇಳಿ ನೋಡಿದೆವು. ಸೊನ್ನೆ ಬಂತು, ಗುಟ್ಟು ಹೊರಬಿತ್ತು. ಕೋಡನ್ನು 'ರೆಡಿ'ಯ ಒಳಗೆ, ಇಲ್ಲವೆ ಪುಟದ ಕೊನೆಗೆ ಇಡಬೇಕು. ಗುಂಡಿಯ ಹೆಸರಿನ ಕಾಗುಣಿತ ತಪ್ಪಿದರೂ ಸೊನ್ನೆಯೇ ಬರುತ್ತದೆ, ಅದನ್ನೂ ನೋಡಿಕೊಳ್ಳಿರಿ.

ಮೂರನೆಯದು ಡಾಲರ್ ಗುರುತಿನ ಜಗಳ. ಜೇಕ್ವೆರಿಯನ್ನು ಆ ಗುರುತಿನಿಂದ ಕರೆಯುತ್ತಾರೆ. ಪ್ರೋಟೋಟೈಪ್ ಎಂಬ ಲೈಬ್ರರಿಯನ್ನೂ ಹಾಗೆಯೇ. ಒಂದೇ ಚಾಳಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಅಂಚೆಯವನು ಏನು ಮಾಡಿಯಾನು? 'ನೋಕಾನ್‌ಫ್ಲಿಕ್ಟ್' ಎಂದರೆ ಜೇಕ್ವೆರಿ ಗುರುತನ್ನು ಬಿಟ್ಟುಕೊಡುತ್ತದೆ. ಮುಂದೆ ಅದನ್ನು ಪೂರ್ಣ ಹೆಸರಿನಿಂದ ಕರೆಯಬೇಕು.

ನಾಲ್ಕನೆಯದು ಹಳೆಯ ಪಾಠದ್ದು. 'ಲೈವ್' ಎಂಬ ವಿಧಾನವನ್ನು ೨೦೧೩ರಲ್ಲಿ ಬಂದ ೧.೯ನೆಯ ಆವೃತ್ತಿಯಲ್ಲಿ ತೆಗೆದುಹಾಕಿದರು. ಈಗ 'ಆನ್' ಬಳಸಬೇಕು. ಪಾಠ ಯಾವ ಆವೃತ್ತಿಯದು, ಕಡತ ಯಾವ ಆವೃತ್ತಿಯದು ಎಂದು ಮೊದಲು ತಾಳೆ ನೋಡಿರಿ.

ಲೆಕ್ಕ ಕೂಡಿಬರದಿದ್ದರೆ ಗುಮಾಸ್ತನು ಪುಸ್ತಕ ಹರಿಯುವುದಿಲ್ಲ. ಸಾಲು ಸಾಲಾಗಿ ನೋಡುತ್ತಾನೆ. ಇದೂ ಹಾಗೆಯೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ಕೆಂಪು ಸಾಲಿನ ಇಂಗ್ಲಿಷ್ ತಿಳಿಯದಿದ್ದರೆ ಇಲ್ಲಿ ನಿಘಂಟು ಇದೆ, ನಾವೂ ಇದ್ದೇವೆ.

ಆ ತರುಣ ಮರಳಿ ಬಂದಿದ್ದಾನೆ, ಅರ್ಜಿಯನ್ನೂ ಹಾಕಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಮಂಗಳವಾರ ರಾತ್ರಿ ಹೊಸಬರಿಗೆ ಈಗ ಅವನೇ ಪಾಠ ಹೇಳುತ್ತಾನೆ. ತಾವೆಲ್ಲರೂ ಬರಬೇಕೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.