ಡಾಕ್ಟರೇಟು ಮತ್ತು ನಮ್ಮ ಮನೆಯ ಲೆಕ್ಕ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರ್ತೀವಿ ಅಂತ ಊರಿಗೆ ಹೋಗಿ ಹೇಳಿದರೆ ಅಪ್ಪ ಕೇಳೋದು ಒಂದೇ: "ಇನ್ನೂ ಎಷ್ಟು ವರ್ಸ ಓದ್ತೀಯ ಮಗ, ದುಡ್ಡು ಯಾವಾಗ ಬತ್ತದೆ?" ಈ ಪ್ರಶ್ನೆಗೆ ನಾವು ನಾಚಬೇಕಾಗಿಲ್ಲ. ಜ್ಞಾನಕ್ಕಾಗಿಯೇ ಜ್ಞಾನ ಅನ್ನೋದು ತಲೆತಲಾಂತರದಿಂದ ಜಮೀನು ಇಟ್ಟುಕೊಂಡವರಿಗೆ ಸಲೀಸು. ನಮ್ಮವರು ಕೂಲಿ ಲೆಕ್ಕದಲ್ಲಿ ಬದುಕಿದವರು. ಲೆಕ್ಕದಿಂದಲೇ ಶುರು ಮಾಡೋಣ.

ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಸಿಕ್ಕರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಬಂದ ದರ. ಪರಿಶಿಷ್ಟ ಜಾತಿಯವರಿಗೆಂದೇ ಬೇರೆ ರಾಷ್ಟ್ರೀಯ ಫೆಲೋಶಿಪ್ಪೂ ಇದೆ. (ಗೊತ್ತಿಲ್ಲದೆ ಬಿಟ್ಟವರು ನಮ್ಮಲ್ಲೇ ಇದ್ದಾರೆ.) ಮುಂದೆ ಕೆಲಸ ಸಿಕ್ಕರೆ, ಯುಜಿಸಿಯ 7ನೇ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700. ಆ ಹುದ್ದೆಗೆ ನೆಟ್ ಅಥವಾ ಸ್ಲೆಟ್ ಸಾಕು ಅಂತ 2023ರಲ್ಲಿ ಯುಜಿಸಿ ನಿಯಮ ಬದಲಾಯಿಸಿತು. ಆದರೆ 2018ರ ನಿಯಮದಂತೆ ಸಹ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಬೇಕೇ ಬೇಕು.

ಕಾಗದದ ಮೇಲಿನ ರೂಪಾಯಿ ಕೈಗೆ ಬರೋದು ಬೇರೆ ಮಾತು. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಪ್ರಾಣ ಬಿಟ್ಟಾಗ, ಬರಬೇಕಾದ ಏಳು ತಿಂಗಳ ಫೆಲೋಶಿಪ್ 1,75,000 ರೂಪಾಯಿ ಮನೆಯವರಿಗೆ ತಲುಪಲಿ ಅಂತ ಬರೆದಿಟ್ಟಿದ್ದರು. ನಾವೂ ಮೆಸ್ಸಿಗೆ ಸಾಲ ಮಾಡಿದ್ದೇವೆ. ಹಣ ಬಂದಾಗ ಬಡ್ಡಿಗೇ ಅರ್ಧ ಹೋಯಿತು.

1913ರಲ್ಲಿ ಬಾಬಾಸಾಹೇಬರು ಅಮೆರಿಕಕ್ಕೆ ಹೋದದ್ದು ಬರೋಡಾ ಸಂಸ್ಥಾನ ಕೊಟ್ಟ ತಿಂಗಳಿಗೆ 11.5 ಪೌಂಡಿನ ಮೇಲೆ. 1917ರಲ್ಲಿ ಅದು ನಿಂತು ಲಂಡನ್ನಿನ ಓದು ಅರ್ಧಕ್ಕೇ ಉಳಿಯಿತು. ಕೆಲಸಕ್ಕೆಂದು ಬರೋಡಾಕ್ಕೆ ಬಂದರೆ ಅಷ್ಟು ಓದಿದವರಿಗೆ ಇರೋಕೆ ಮನೆ ಸಿಗಲಿಲ್ಲ. ಮುಂಬಯಿಯ ಸಿಡೆನ್ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಉಳಿಸಿದರು. ಶಾಹೂ ಮಹಾರಾಜರ ನೆರವು, ಗೆಳೆಯನ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟರು. ಕೊಲಂಬಿಯಾದ ಪಿಎಚ್.ಡಿ. ಕೈಸೇರಿದ್ದು 1927ರಲ್ಲಿ. ಆ ಪ್ರಬಂಧದ ವಿಷಯವೂ ದುಡ್ಡಿನದೇ ನೋಡಿ: ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸು.

ಡಾಕ್ಟರ್ ಅನ್ನಿಸಿಕೊಂಡೂ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಸವೆಯುತ್ತಿರುವ ಅಣ್ಣಂದಿರು, ಅಕ್ಕಂದಿರು ನಮ್ಮ ಕಣ್ಣ ಮುಂದೆ ಇದ್ದಾರೆ. ಅದಕ್ಕೆ ಹೆದರಿ ಸೇರಬೇಡಿ ಅಂತ ನಾವು ಹೇಳೋಲ್ಲ. ಆದರೆ ಸೇರುವ ಮೊದಲು ಅವ್ವ ಅಪ್ಪನ ಮುಂದೆ ಕೂತು 5 ವರ್ಷದ ಲೆಕ್ಕ ಬರೆಯಿರಿ. ಮನೆಗೆ ಎಷ್ಟು ಕಳಿಸ್ತೀವಿ, ಹಣ ತಡವಾದ ತಿಂಗಳು ಏನು ಮಾಡ್ತೀವಿ, ತಂಗಿಯ ಓದು ನಿಲ್ಲದ ಹಾಗೆ ಹೇಗೆ, ಎಲ್ಲಾ ಬರೆಯಿರಿ. ನೆಟ್ ಅರ್ಜಿ ತುಂಬೋದು ಗೊತ್ತಾಗದವರು ಸಭೆ ಮುಗಿದ ಮೇಲೆ ಇಲ್ಲೇ ಇರಿ, ಒಟ್ಟಿಗೆ ಕೂತು ತುಂಬೋಣ. ಜಾತಿ ಪ್ರಮಾಣಪತ್ರ ಮರೆಯಬೇಡಿ.