ಥೈರಾಯ್ಡ್ ಗ್ರಂಥಿಗೆ ಹರಡುವ ಸ್ತನ ಕ್ಯಾನ್ಸರ್



ಧಾರವಾಡದ ಕಡೆಯ ತಾಯಿಯೊಬ್ಬರು ಪುಣೆಯಲ್ಲಿರುವ ಮಗನ ಮನೆಗೆ ಬಂದು ನೆಲೆಸಿದ್ದಾರೆಂದು ಭಾವಿಸೋಣ. ಹನ್ನೆರಡು ವರ್ಷಗಳ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ ನಡೆಯಿತು, ಔಷಧೋಪಚಾರ ಮುಗಿಯಿತು, ಮನೆಯವರು ಅದನ್ನು ಮರೆತರು. ಆಮೇಲೆ ಬಂದ ಸೊಸೆಗಂತೂ ಆ ವಿಷಯವನ್ನು ಯಾರೂ ಹೇಳಿಯೇ ಇಲ್ಲ. ಈಗ ಕೊರಳಿನ ಮುಂಭಾಗದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟೊಂದು ಕಾಣಿಸಿಕೊಂಡಿದೆ. 'ಹಿಂದೆ ಏನಾದರೂ ದೊಡ್ಡ ಕಾಯಿಲೆ ಆಗಿತ್ತೇ?' ಎಂದು ವೈದ್ಯರು ಕೇಳುತ್ತಾರೆ. ಸೊಸೆ ಪಕ್ಕದಲ್ಲಿಯೇ ನಿಂತಿದ್ದಾಳೆ. ತಾಯಿ 'ಏನೂ ಇಲ್ಲ' ಎನ್ನುತ್ತಾರೆ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಆ 'ಏನೂ ಇಲ್ಲ' ಎಂಬ ಉತ್ತರವನ್ನು ಕುರಿತದ್ದು.

ಥೈರಾಯ್ಡ್ ಗ್ರಂಥಿ ಶ್ವಾಸನಾಳದ ಮುಂದೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ ಕುಳಿತಿದೆ. ತೂಕ ಸುಮಾರು 20 ಗ್ರಾಂ. ನಾವು ಉಗುಳು ನುಂಗುವಾಗ ಇದು ಮೇಲಕ್ಕೆದ್ದು ಕೆಳಗಿಳಿಯುತ್ತದೆ. ಇದರಲ್ಲಿ ಹುಟ್ಟಿದ ಗಂಟೂ ಹಾಗೆಯೇ ಚಲಿಸುತ್ತದೆ. ತನ್ನ ತೂಕಕ್ಕೆ ಹೋಲಿಸಿದರೆ ದೇಹದಲ್ಲಿ ಅತಿ ಹೆಚ್ಚು ರಕ್ತವನ್ನು ಪಡೆಯುವ ಅಂಗಗಳಲ್ಲಿ ಇದೂ ಒಂದು. ಸ್ತನ ಕ್ಯಾನ್ಸರಿನ ಜೀವಕೋಶಗಳು ದುಗ್ಧರಸ ನಾಳಗಳ ಮತ್ತು ರಕ್ತದ ಮೂಲಕವೇ ದೂರದ ಅಂಗಗಳನ್ನು ಸೇರುತ್ತವೆ. ಹಾಗಿದ್ದ ಮೇಲೆ ಇಷ್ಟೊಂದು ರಕ್ತ ಹರಿಯುವ ಗ್ರಂಥಿಯಲ್ಲಿ ಅವು ಪದೇ ಪದೇ ನೆಲೆಯೂರಬೇಕಿತ್ತು. ಆದರೆ ಹಾಗಾಗುವುದು ವಿರಳ. ಅವು ಹೆಚ್ಚಾಗಿ ಹಿಡಿಯುವ ಜಾಗಗಳು ಮೂಳೆ, ಶ್ವಾಸಕೋಶ, ಪಿತ್ತಜನಕಾಂಗ ಮತ್ತು ಮಿದುಳು.

ಈ ಒಗಟನ್ನು ಬಹಳ ಹಿಂದೆಯೇ ಗುರುತಿಸಿದವರು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್. ಸ್ತನ ಕ್ಯಾನ್ಸರಿನಿಂದ ಮರಣಿಸಿದ 700ಕ್ಕೂ ಹೆಚ್ಚು ಮಹಿಳೆಯರ ವಿವರಗಳನ್ನು ಪರಿಶೀಲಿಸಿ 1889ರಲ್ಲಿ ಅವರು ತಮ್ಮ ವಿಚಾರವನ್ನು ಪ್ರಕಟಿಸಿದರು. ಪಿತ್ತಜನಕಾಂಗದಲ್ಲಿ ಮತ್ತೆ ಮತ್ತೆ ಕಾಣುವ ಗಡ್ಡೆ, ಯಥೇಚ್ಛ ರಕ್ತ ಹರಿಯುವ ಗುಲ್ಮದಲ್ಲಿ ಅಪರೂಪವೇಕೆ? ಬೀಜ ಎಲ್ಲ ಕಡೆಗೂ ತೂರಿ ಹೋಗುತ್ತದೆ, ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವರ ಉತ್ತರ. ರೈತಾಪಿ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಥೈರಾಯ್ಡಿನಲ್ಲಿ ರಕ್ತದ ಓಟ ಬಿರುಸಾದುದರಿಂದಲೂ ಅಲ್ಲಿ ಆಮ್ಲಜನಕ ಮತ್ತು ಅಯೋಡಿನ್ ಹೆಚ್ಚಾಗಿರುವುದರಿಂದಲೂ ಬೀಜ ಅಲ್ಲಿ ನಿಲ್ಲಲಾರದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಗಳಗಂಡವೋ ಉರಿಯೂತವೋ ಆಗಿ ಗ್ರಂಥಿಯ ಸ್ವರೂಪ ಕೆಟ್ಟಿದ್ದರೆ ಅದು ಬೇರೂರಲು ಅನುಕೂಲವಾಗಬಹುದೆಂಬುದೂ ಒಂದು ಅಭಿಪ್ರಾಯ.

ಬೇರೆ ಅಂಗಗಳ ಕ್ಯಾನ್ಸರಿನಿಂದ ತೀರಿಕೊಂಡವರ ಶವಪರೀಕ್ಷೆ ನಡೆಸಿದಾಗ ಥೈರಾಯ್ಡಿನಲ್ಲಿ ಅದರ ಕುರುಹು 100ಕ್ಕೆ ಸುಮಾರು 2ರಿಂದ 24 ಮಂದಿಯಲ್ಲಿ ಕಂಡುಬಂದಿದೆಯೆಂದು ಬೇರೆ ಬೇರೆ ವರದಿಗಳು ಹೇಳುತ್ತವೆ. ಬದುಕಿರುವವರಲ್ಲಿ ಗಂಟಾಗಿ ಎದ್ದು ಕಾಣುವುದು ಇದಕ್ಕಿಂತ ಬಹಳ ಕಡಮೆ. ಮೂತ್ರಪಿಂಡ, ಶ್ವಾಸಕೋಶ, ಸ್ತನ ಮತ್ತು ದೊಡ್ಡ ಕರುಳು ಇದರ ಮುಖ್ಯ ಮೂಲಗಳು. ಕೊರಳಿನಲ್ಲಿ ಗಂಟು ಕಂಡೊಡನೆ ಯಾರೂ ಧೃತಿಗೆಡಬೇಕಾಗಿಲ್ಲ. ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ನಿರಪಾಯಕರ. ಸ್ತನ ಕ್ಯಾನ್ಸರ್ ಆಗಿದ್ದವರಲ್ಲಿಯೂ ಅದು ಸಾಧಾರಣ ಗಂಟಾಗಿರಬಹುದು, ಥೈರಾಯ್ಡಿನದೇ ಪ್ರತ್ಯೇಕ ಕ್ಯಾನ್ಸರ್ ಆಗಿರಬಹುದು, ಅಥವಾ ಹಳೆಯ ರೋಗ ಮರಳಿ ತಲೆಯೆತ್ತಿರಬಹುದು. ಅನೇಕ ವರ್ಷಗಳ ತರುವಾಯವೂ ಹೀಗೆ ಮರಳುವುದುಂಟು. ಹತ್ತು ವರ್ಷ ಕಳೆಯಿತೆಂಬುದು ಸಂಪೂರ್ಣ ಭರವಸೆಯಲ್ಲ.

ಈ ಮೂರರಲ್ಲಿ ಯಾವುದೆಂಬುದನ್ನು ಕೈಯಿಂದ ಮುಟ್ಟಿ ನೋಡಿ ನಿರ್ಧರಿಸಲಾಗದು. ಮೊದಲು ಅಲ್ಟ್ರಾಸೌಂಡ್ ಪರೀಕ್ಷೆ. ಅನಂತರ ಸಪೂರ ಸೂಜಿಯಿಂದ ಗಂಟಿನ ಜೀವಕೋಶಗಳನ್ನು ಹೀರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಫ್.ಎನ್.ಎ.ಸಿ. ಎಂಬ ಈ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹಬ್ಬುತ್ತದೆಂಬ ಭಯ ನಮ್ಮಲ್ಲಿ ಇನ್ನೂ ಉಳಿದಿದೆ. ಆ ಭಯದಿಂದ ಪರೀಕ್ಷೆಯನ್ನು ಮುಂದೂಡಿದವರಿಗೆ ಆಗುವ ಹಾನಿಯೇ ದೊಡ್ಡದು. ಜೀವಕೋಶಗಳ ಮೂಲವನ್ನು ತಿಳಿಯಲು ವಿಶೇಷ ಬಣ್ಣದ ಪರೀಕ್ಷೆಗಳಿವೆ. ಥೈರಾಯ್ಡಿನ ಜೀವಕೋಶಗಳು ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನನ್ನು ತಯಾರಿಸುತ್ತವೆ. ಸ್ತನದ ಜೀವಕೋಶಗಳು ತಯಾರಿಸುವುದಿಲ್ಲ. ಸ್ತನ ಮೂಲದವನ್ನು ಗುರುತಿಸಲು ಗಾಟಾ-3 ಮೊದಲಾದ ಬೇರೆ ಗುರುತುಗಳಿವೆ. ಆದರೆ ಇಂತಹ ಪರೀಕ್ಷೆಗಳನ್ನು ಎಲ್ಲರಿಗೂ ಮಾಡುವುದಿಲ್ಲ. ಹಳೆಯ ರೋಗದ ಸುಳಿವು ದೊರೆತರೆ ರೋಗಶಾಸ್ತ್ರಜ್ಞರು ಅವನ್ನು ಕೈಗೊಳ್ಳುತ್ತಾರೆ. 'ಏನೂ ಇಲ್ಲ' ಎಂದು ಬರೆದು ಕಳಿಸಿದ ಚೀಟಿಯಲ್ಲಿ ಆ ಸುಳಿವೇ ಇರುವುದಿಲ್ಲ.

ರಕ್ತದಲ್ಲಿ ಥೈರಾಯ್ಡ್ ಹಾರ್ಮೋನಿನ ಪ್ರಮಾಣ ಸರಿಯಾಗಿದೆಯೆಂಬ ವರದಿಯನ್ನು ನೋಡಿ ಸಮಾಧಾನಪಡುವವರೂ ಇದ್ದಾರೆ. ಹರಡಿದ ಕ್ಯಾನ್ಸರ್ ಇದ್ದಾಗಲೂ ಆ ಪ್ರಮಾಣ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ಮೂಲ ತಿಳಿಯದೆ ಹೋದರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ. ಥೈರಾಯ್ಡಿನ ಸ್ವಂತ ಕ್ಯಾನ್ಸರುಗಳಲ್ಲಿ ಬಹಳಷ್ಟಕ್ಕೆ ಶಸ್ತ್ರಚಿಕಿತ್ಸೆಯೂ, ಅಗತ್ಯಬಿದ್ದರೆ ವಿಕಿರಣಶೀಲ ಅಯೋಡಿನ್ ಸಹ ಫಲಕಾರಿ. ಅಲ್ಲಿ ಬಂದು ನೆಲೆಸಿದ ಸ್ತನ ಕ್ಯಾನ್ಸರಿಗೆ ಆ ಅಯೋಡಿನ್ ಚಿಕಿತ್ಸೆ ಪ್ರಯೋಜನಕ್ಕೆ ಬಾರದು. ಅದಕ್ಕೆ ಬೇಕಾದುದು ಇಡೀ ದೇಹಕ್ಕೆ ತಲುಪುವ ಔಷಧ: ಗಡ್ಡೆ ಹಾರ್ಮೋನಿಗೆ ಸ್ಪಂದಿಸುವಂತಹುದಾದರೆ ಹಾರ್ಮೋನ್ ಚಿಕಿತ್ಸೆ, ಹರ್-2 ಎಂಬ ಗುಣವಿದ್ದರೆ ಟ್ರಾಸ್ಟುಜುಮ್ಯಾಬಿನಂತಹ ಔಷಧ, ಇಲ್ಲವೇ ಕೀಮೋಥೆರಪಿ. ಈ ಗುಣಗಳು ಹಳೆಯ ಗಡ್ಡೆಯಲ್ಲಿದ್ದಂತೆಯೇ ಹೊಸ ಗಂಟಿನಲ್ಲಿ ಇರಲೇಬೇಕೆಂದಿಲ್ಲವಾದ್ದರಿಂದ ಮರಳಿ ಪರೀಕ್ಷಿಸಬೇಕು. ಥೈರಾಯ್ಡಿಗೆ ಬಂದ ರೋಗ ಸಾಮಾನ್ಯವಾಗಿ ಬೇರೆ ಅಂಗಗಳಿಗೂ ಹೋಗಿರುವುದರಿಂದ ಅವುಗಳ ತಪಾಸಣೆಯೂ ಅವಶ್ಯ. ಗ್ರಂಥಿಯೊಂದರಲ್ಲೇ ರೋಗವಿದ್ದರೆ, ಅಥವಾ ಗಂಟು ಶ್ವಾಸನಾಳವನ್ನು ಒತ್ತುತ್ತಿದ್ದರೆ ಶಸ್ತ್ರಚಿಕಿತ್ಸೆಯನ್ನು ಆಲೋಚಿಸುತ್ತಾರೆ. ಈ ಹಂತದಲ್ಲಿ ರೋಗವನ್ನು ಬುಡಸಮೇತ ಕಿತ್ತುಹಾಕುವುದು ಕಷ್ಟವೆಂಬುದನ್ನು ಮುಚ್ಚಿಡಬಾರದು. ಆದರೂ ಸರಿಯಾದ ಔಷಧದಿಂದ ಅದನ್ನು ವರ್ಷಗಟ್ಟಲೆ ಹತೋಟಿಯಲ್ಲಿಟ್ಟುಕೊಂಡವರು ಇದ್ದಾರೆ.

ಊರು ಬಿಟ್ಟು ಬಂದ ನಮ್ಮಂತಹವರಿಗೆ ಇನ್ನೊಂದು ತೊಡಕುಂಟು. ಶಸ್ತ್ರಚಿಕಿತ್ಸೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಆಗಿರುತ್ತದೆ; ಗಂಟು ಕಾಣಿಸಿಕೊಳ್ಳುವುದು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ. ಕಾಗದಪತ್ರಗಳು ಊರಿನ ಮನೆಯ ಟ್ರಂಕಿನ ತಳ ಸೇರಿರುತ್ತವೆ. ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ವಿವರ, ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಸಾರಾಂಶ ಪತ್ರ, ಇವು ಮೂರನ್ನಾದರೂ ಜೊತೆಯಲ್ಲಿಟ್ಟುಕೊಳ್ಳಬೇಕು. ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿದ 'ಬ್ಲಾಕ್' ಎಂಬ ತುಣುಕು ಇನ್ನೂ ಉಳಿದಿದೆಯೇ ಎಂದು ಹಳೆಯ ಆಸ್ಪತ್ರೆಯನ್ನು ಕೇಳಬೇಕು. ಅದು ಸಿಕ್ಕಿದರೆ ಹೊಸ ಗಂಟಿನ ಜೀವಕೋಶಗಳೊಡನೆ ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಮುಂಬಯಿಯಲ್ಲಿ 1941ರಿಂದ ಟಾಟಾ ಸ್ಮಾರಕ ಆಸ್ಪತ್ರೆಯೂ, ಚೆನ್ನೈಯ ಅಡ್ಯಾರಿನಲ್ಲಿ 1954ರಿಂದ ಕ್ಯಾನ್ಸರ್ ಸಂಸ್ಥೆಯೂ ಇವೆ. ಅಲ್ಲಿನ ವೈದ್ಯರಿಗೆ ನಮ್ಮ ಭಾಷೆ ಬಾರದಿರಬಹುದು. ಕಡತವನ್ನು ಮುಂದಿಟ್ಟರೆ ಅದೇ ಮಾತನಾಡುತ್ತದೆ.

ಸ್ತನ ಕ್ಯಾನ್ಸರ್ ಆಗಿದ್ದವರು ಕೊರಳಿನಲ್ಲಿ ಗಂಟು ಕಂಡರೆ, ಧ್ವನಿ ಒಡೆದು ಹಾಗೆಯೇ ಉಳಿದರೆ, ನುಂಗಲು ಅಡಚಣೆಯಾದರೆ ತಡಮಾಡದೆ ತೋರಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ ಅದೇ ದಿನ. ಸೊಸೆಯ ಎದುರಿಗೆ ಹೇಳಲು ಆ ತಾಯಿಗೆ ಸಂಕೋಚವಾದರೆ, 'ನಿಮ್ಮೊಡನೆ ಒಬ್ಬಳೇ ಮಾತನಾಡಬೇಕು' ಎಂದು ವೈದ್ಯರನ್ನು ಕೇಳಿಕೊಳ್ಳಬಹುದು. ಯಾವ ವೈದ್ಯರೂ ಇದಕ್ಕೆ ಬೇಸರಪಡುವುದಿಲ್ಲ.